ನಮ್ಮ ಬಾಗಿಲಿನ ಕಾರಣಪತ್ರ

ಗದಗ
ನಡುಬೇಸಿಗೆಯ ಐವತ್ಮೂರನೆಯ ದಿನ, 2187

ನೂರೈವತ್ತು ವರ್ಷಕ್ಕೂ ಹಿಂದಿರುವ ಹಿರಿಯರಿಗೆ,

ಐವತ್ಮೂರನೆಯ ದಿನವೇ ಎಂದು ಹುಬ್ಬೇರಿಸಬೇಡಿ. ನಮಗೀಗ ತಿಂಗಳುಗಳಿಲ್ಲ, ಬಿಸಿಲು ಎಷ್ಟು ದಿನ ನಿಲ್ಲುತ್ತದೋ ಅಷ್ಟು ದಿನ ಅದೇ ಹೆಸರು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತ ಕನ್ನಡ ಇದು. ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ.

ಇಲ್ಲಿ ಸಾವು ಸಂಭವಿಸಿದ ಮನೆಯ ಬಾಗಿಲಿಗೆ ಹನ್ನೊಂದನೆಯ ದಿನ ಕಾರಣಪತ್ರ ಅಂಟಿಸುತ್ತಾರೆ. ಓಣಿಯವರೆಲ್ಲ ಸಭೆ ಸೇರಿ, ಹೀಗೇಕಾಯಿತೆಂದು ತೀರ್ಮಾನಿಸಿ, ಮನೆಯವರಿಂದ ಸಹಿ ಹಾಕಿಸುವ ಕಾಗದ ಅದು. ಸಹಿ ಬಿದ್ದರೆ ಸೂತಕ ಕಳೆದಂತೆ. ಇದನ್ನು ಹುಟ್ಟುಹಾಕಿದವರು ಕೆಟ್ಟವರಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಬಿಸಿಲಿಗೆ ಊರೂರೇ ಸತ್ತಾಗ, ಅಧಿಕಾರಿಗಳು “ವಿಧಿ” ಎಂದು ಹೇಳಿ ಕೈತೊಳೆದುಕೊಂಡರು. ಕೆರೆ ಮುಚ್ಚಿದವರು ಯಾರು, ಗುಡ್ಡ ಅಗೆದವರು ಯಾರು ಎಂದು ಕೇಳುತ್ತ ಜನ ಬೀದಿಗಿಳಿದರು. ಸಿಕ್ಕ ಉತ್ತರಗಳಲ್ಲಿ ಅರ್ಧಕ್ಕರ್ಧ ನಿಮ್ಮ ತಲೆಮಾರಿನ ಹೆಸರೇ ಇತ್ತು. ಆ ಸಿಟ್ಟು ನನಗೆ ಇಂದಿಗೂ ಆರಿಲ್ಲ, ಆರಬೇಕಾಗಿಯೂ ಇಲ್ಲ. ಆದರೆ ಕಾರಣವಿದ್ದ ಸಾವುಗಳಿಗೆ ಕಾರಣ ಕೇಳಿದ ಜನವೇ ಬರಬರುತ್ತ, ಎಲ್ಲ ಸಾವಿಗೂ ಒಂದು ಕಾರಣ ಇರಲೇಬೇಕೆಂದು ಹಟ ಹಿಡಿದರು.

ನನ್ನ ಮಗಳು ದಾನಮ್ಮ ಕಪ್ಪತಗುಡ್ಡದ ಗಾಳಿಗಂಬಗಳ ರಿಪೇರಿ ಮಾಡುತ್ತಿದ್ದಳು. ಗಾಳಿಯಿಂದ ಕರೆಂಟು ತೆಗೆಯಲು ಗುಡ್ಡದ ಮೇಲೆ ನಿಲ್ಲಿಸಿ ನೀವು ಫ್ಯಾನು ಎನ್ನುತ್ತಿದ್ದಿರಲ್ಲ, ಅವೇ. ಹತ್ತು ವರ್ಷ ಅಷ್ಟೆತ್ತರ ಹತ್ತಿ ಇಳಿದರೂ ಒಮ್ಮೆಯೂ ಮೊಣಕೈ ತರಚಿಕೊಂಡು ಬಂದವಳಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಎಣ್ಣೆಗಾಯಿ ಮಾಡಿದ್ದೇನೆ, ಬಾ ಎಂದು ಹೇಳಿಕಳಿಸಿದೆ. ಬಂದಳು. ಎರಡು ರೊಟ್ಟಿ ಉಂಡಳು. ಉಪ್ಪು ಕಡಿಮೆ ಎಂದು ನನ್ನನ್ನು ಕಾಡಿಸಿದಳು. ಆಮೇಲೆ ಕಟ್ಟೆಯ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದವಳು ಹಾಗೆಯೇ ಗೋಡೆಗೆ ಒರಗಿದಳು. ಮೂವತ್ತೊಂದು ವರ್ಷ. ವೈದ್ಯರು ಎಲ್ಲ ಪರೀಕ್ಷೆ ಮಾಡಿದರು. ಹೃದಯ ಸರಿಯಿತ್ತು, ಮಿದುಳು ಸರಿಯಿತ್ತು, ಬಿಸಿಲು ಬಡಿದ ಗುರುತೂ ಇರಲಿಲ್ಲ.

ಸಭೆಯ ದಿನ ಪಕ್ಕದ ಮನೆಯ ಶಿವಗಂಗವ್ವ ನನ್ನ ಬೆನ್ನು ಸವರುತ್ತ, “ನೀ ಕರೀಲಿಲ್ಲಂದ್ರ ಆಕಿ ಮಟಮಟ ಮಧ್ಯಾಹ್ನದಾಗ ಬರ್ತಿದ್ದಿಲ್ಲ ಬಿಡವಾ. ಬೇಕಂತ ಯಾರ ಮಾಡ್ತಾರ? ಸಹಿ ಹಾಕು, ಹಗುರಾಗು,” ಎಂದಳು. ಕೇಡು ಬಯಸಿ ಆಡಿದ ಮಾತಲ್ಲ. “ತಾಯಿ ಬಿಸಿಲಿನಲ್ಲಿ ಕರೆಸಿಕೊಂಡದ್ದು” ಎಂದು ಬರೆದರು. ನಾನು ಸಹಿ ಹಾಕಿದೆ. ಮಗಳು ಸುಮ್ಮಸುಮ್ಮನೆ ಹೋದಳು ಎನ್ನುವುದಕ್ಕಿಂತ ನಾನೇ ಕೊಂದೆ ಎನ್ನುವುದು ಆಗ ಸುಲಭವಾಗಿ ಕಂಡಿತು. ಎರಡು ವರ್ಷ ಆ ಕಾಗದವನ್ನು ದಾಟಿಕೊಂಡು ತಲೆ ತಗ್ಗಿಸಿ ಓಡಾಡಿದೆ. ಹಗುರಾಗಲಿಲ್ಲ. ಯಾರನ್ನೂ ಊಟಕ್ಕೆ ಕರೆಯುವ ಧೈರ್ಯ ಉಳಿಯಲಿಲ್ಲ.

ಮೊನ್ನೆ ಅಳಿಯ ಗುರುಸಿದ್ಧ ಬಂದಿದ್ದ. ಅವಳ ಜೊತೆಯಲ್ಲೇ ಗುಡ್ಡದ ಮೇಲೆ ದುಡಿಯುತ್ತಿದ್ದವನು. ಅವಳು ಹೋದಮೇಲೆ ಸಭೆಗೂ ನಿಲ್ಲದೆ ಊರನ್ನೇ ಬಿಟ್ಟಿದ್ದ. ಬಾಗಿಲಲ್ಲಿ ನಿಂತು ಕಾಗದ ಓದಿದ. ಎರಡು ಸಲ ಓದಿದ.

“ಇದೇನ್ರಿ ಅತ್ತಿಯಾರ? ಅವತ್ತ ಆಕಿ ಮುಂಜಾನಿಂದ ಊರ ಕಡೀಗೇ ನೋಡಿಕೋತ ಕುಂತಿದ್ಲು. ‘ನಮ್ಮವ್ವ ಯಾಕ ಇನ್ನೂ ಕರೀವಲ್ಲಳು’ ಅಂತ ನನ್ನ ತಲಿ ತಿಂದಿದ್ಲು. ನೀವು ಕರೀದಿದ್ರೂ ಬರಾಕಿನ. ಹಸಿವಾಗಿತ್ತು, ಬಂದ್ಲು, ಉಂಡ್ಲು. ಅಷ್ಟರಿ.”

ಅಷ್ಟೇ. ಅವನು ಯಾವ ಕಾರಣವನ್ನೂ ಹೇಳಲಿಲ್ಲ. ಆದರೂ ಅಂದು ಮೊದಲ ಸಲ, ಅವಳ ಸಾವು ಅಡ್ಡ ಬರದೆ, ಅವಳು ಉಣ್ಣುತ್ತ ಕುಳಿತದ್ದು ನನಗೆ ನೆನಪಾಯಿತು. ಕಾಗದ ಕಿತ್ತು, ಅದನ್ನು ದಾಖಲಿಸಿದ್ದ ಕಚೇರಿಗೆ ಒಯ್ದು, ಬರೆದ ಕಾರಣವನ್ನು ಅಳಿಸಲು ಹೇಳಿದೆ.

“ಖಾಲಿ ಬಿಡಾಕ ಬರಂಗಿಲ್ರಿ ಅಕ್ಕಾರ, ಏನರ ಬರೀಬೇಕ್ರಿ,” ಎಂದ ಗುಮಾಸ್ತ.

“ಗೊತ್ತಿಲ್ಲ ಅಂತ ಬರಕೋ.”

“ಅದು ಕಾರಣ ಅಲ್ಲಲ್ರಿ!”

“ಅದನ್ನ ಹೇಳಾಕ ಇಷ್ಟ ದೂರ ಬಂದೀನಪ್ಪಾ,” ಎಂದೆ.

ಹಿರಿಯರೇ, ಕೆರೆ ಬತ್ತಿದ್ದಕ್ಕೆ ಕಾರಣ ಕೇಳಿ. ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ. ನೀವು ಕೇಳದೆ ಬಿಟ್ಟದ್ದಕ್ಕೆ ನಾವು ಬೆಂದಿದ್ದೇವೆ. ಆದರೆ ಮಗುವನ್ನು ಕಳೆದುಕೊಂಡವರ ಮನೆಗೆ ಹೋದಾಗ, “ಯಾವುದೋ ಒಳ್ಳೆಯದಕ್ಕೇ ಆಗಿರಬೇಕು” ಎಂದಾಗಲಿ, “ಹಾಗೆ ಮಾಡದಿದ್ದರೆ ಹೀಗಾಗುತ್ತಿರಲಿಲ್ಲ” ಎಂದಾಗಲಿ ಹೇಳಬೇಡಿ. ನಿಮ್ಮ ಬಾಯಿಂದ ಹೊರಟ ಅಂಥ ಸಮಾಧಾನಗಳೇ ಗಟ್ಟಿಯಾಗುತ್ತ ಬಂದು ನಮ್ಮ ಬಾಗಿಲಿಗೆ ಅಂಟಿಕೊಂಡಿವೆ. ತಿಳಿಯದಿದ್ದರೆ ತಿಳಿಯದು ಎನ್ನಿ. ಸ್ವಲ್ಪ ಹೊತ್ತು ಅವರ ಜೊತೆ ಕುಳಿತು ಬನ್ನಿ.

ನಾಳೆ ನನ್ನ ವಿಷಯಕ್ಕೆ ಮತ್ತೆ ಸಭೆ ಕರೆದಿದ್ದಾರೆ. ಸಹಿ ಹಾಕುವುದಿಲ್ಲ. ಓಣಿಯವರು ಸೂತಕದ ಮನೆಯೆಂದು ನನ್ನನ್ನು ದೂರವಿಟ್ಟರೆ ಇಡಲಿ. ಬಹಳ ದಣಿದಿದ್ದೇನೆ, ಆದರೆ ಈಗೀಗ ಮಲಗಿದರೆ ನಿದ್ದೆ ಬರುತ್ತಿದೆ.

ಇಂತಿ,
ನೀಲಾಂಬಿಕಾ ಹೂಗಾರ