ಅಕ್ಕನ ಅರಿಷಿಣ

ಜೀಡಿಮೆಟ್ಲಾ, ಹೈದರಾಬಾದ್
ಮಾರ್ಚ್ ೧೪, ೨೦೨೪

ಒಡಹುಟ್ಟಿದ ಸಪ್ನಕ್ಕನಿಗೆ ನೇತ್ರಾಳ ಶರಣು.

ನಾನು ಕ್ಷೇಮ, ಅಂದರೆ ಉಸಿರಾಡುತ್ತಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರಾಗಬೇಡ. ನನ್ನ ಫೋನು ಯಾವಾಗಲೂ ಗಂಡನ ಜೇಬಿನಲ್ಲಿರುತ್ತದೆ. ಹೌದು, ನೀನು ಒಲ್ಲೆನೆಂದು ಬಿಟ್ಟುಹೋದ ಅದೇ ನಿಶಾಂತ. ಈ ಕಾಗದವನ್ನು ಪಕ್ಕದ ಮನೆಯ ಸುಂದರಾಬಾಯಿ ಕದ್ದುಮುಚ್ಚಿ ಅಂಚೆ ಡಬ್ಬಿಗೆ ಹಾಕುತ್ತಾರೆ.

ಮಹಿಳಾ ದಿನಕ್ಕೆ ಹಿಮಾಯತ್‌ನಗರದಲ್ಲಿ ನೀನು ಮಾಡಿದ ಭಾಷಣವನ್ನು ನನ್ನ ಗಂಡನೇ ಫೋನಿನಲ್ಲಿ ತೋರಿಸಿದರು. "ನೋಡು, ನಿಮ್ಮಕ್ಕ ದೊಡ್ಡ ಲೀಡರ್ ಆಗ್ಯಾಳ" ಎಂದು ನಕ್ಕು, ನಿನ್ನ ಮೇಲಿನ ಸಿಟ್ಟನ್ನು ನನ್ನ ಕೆನ್ನೆಯ ಮೇಲೆ ತೀರಿಸಿಕೊಂಡರು. ಚೆಂದ ಮಾತಾಡಿದೆ ಅಕ್ಕ. ಅರಸನನ್ನು ಒಲ್ಲೆನೆಂದು ಅರಮನೆ ಬಿಟ್ಟು ನಡೆದ ಆ ಕಾಲದ ಶರಣೆಗೂ, ಮಂಟಪ ಬಿಟ್ಟು ನಡೆದ ನಿನಗೂ ಎಂಥ ಚಪ್ಪಾಳೆ! ನನಗೊಂದೇ ಅನುಮಾನ. ಅವಳು ಹೋದ ಮೇಲೆ ಆ ಅರಸ ಸುಮ್ಮನೆ ಕುಳಿತನೇ? ಯಾರ ಮನೆಯ ಹುಡುಗಿಯನ್ನು ಎಳೆದು ತಂದರು? ಅವಳ ಹೆಸರನ್ನು ಯಾರೂ ಹೇಳುವುದಿಲ್ಲ.

ಮದುವೆ ಹೇಗಾಯಿತು ಎಂದು ಕೇಳಿದ್ದೀಯ. ನಾಚಿಕೆ ಇಲ್ಲದೆ ಕೇಳಿದ್ದೀಯ, ಹೇಳುತ್ತೇನೆ. ಆ ಬೆಳಿಗ್ಗೆ ಬಾಲಾನಗರದ ಮನೆಯಲ್ಲಿ, "ನಾ ಬಸ್ ಹತ್ತೂತನಕ ನನ್ನ ಅರಿಷಿಣದ ಮಣಿ ಮ್ಯಾಲೆ ನೀ ಕುಂಡ್ರು. ಆಮ್ಯಾಲೆ ಮಾರಿ ತೊಳ್ಕೊ" ಎಂದು ನೀನೇ ಹೇಳಿದ್ದೆ. ನಾನು ಮುಖ ಕಾಣದಂತೆ ಸೆರಗು ಹೊದ್ದು ಕುಳಿತೆ. ಹೆಂಗಸರು ಹಾಡುತ್ತ ಕೈಕಾಲಿಗೆ, ಸೆರಗಿನೊಳಗೇ ಕೈಹಾಕಿ ಮುಖಕ್ಕೆ, ನಿನ್ನ ಅರಿಷಿಣ ಮೆತ್ತಿದರು. ಒಳಗೊಳಗೇ ನಗು ಬರುತ್ತಿತ್ತು, ನಂಬು. ಕುಂಕುಮ ಹಚ್ಚಲು ಗದ್ದ ಎತ್ತಿದ ವನಜತ್ತೆ ಕಿಟಾರನೆ ಕಿರುಚಿದಳು.

ಅಪ್ಪ ಬೆಲ್ಟು ಬಿಚ್ಚಿದರು. ಅತ್ತೆಯೇ ಅವರ ಕೈ ಹಿಡಿದಳು. "ಹೊಡೀಬ್ಯಾಡ ಅಣ್ಣಾ. ಅರಿಷಿಣ ಬಿದ್ದ ಮೈ ಹಂಗ ಬಿಡಬಾರದು, ಮನಿಗೆ ಕೇಡು. ಮಂಟಪ ಐತಿ, ವರ ಅದಾನ. ಇಕೀನ್ನ ಕೊಟ್ಟುಬಿಡು." ಬೀಗರನ್ನು ಕೇಳಿದರೆ ಅವರು, "ಹುಡುಗಿ ಯಾವುದಾದ್ರೇನ್ರಿ, ಮುಹೂರ್ತ ತಪ್ಪಬಾರದು" ಎಂದರು. ನಿನ್ನ ರವಿಕೆ ನನಗೆ ದೊಡ್ಡದಾಗಿತ್ತು. ಅವ್ವ ಪಿನ್ನು ಹಾಕಿದಳು, ನನ್ನ ಮುಖ ನೋಡಲಿಲ್ಲ.

ಪಾಲಿಟೆಕ್ನಿಕ್ ಬಿಡಿಸಿದ್ದಾರೆ. ಮಾತುಮಾತಿಗೆ ಇಲ್ಲಿ, "ಓಡಿಹೋದಾಕಿ ತಂಗಿ, ಇಕಿ ಕಾಲಿನ ಮ್ಯಾಲೆ ಕಣ್ಣಿಡ್ರಿ" ಎನ್ನುತ್ತಾರೆ. ರೂಢಿಯಾಗಿದೆ.

ನೀನು ಚೆನ್ನಾಗಿರು. ನೂರು ಸಭೆಯಲ್ಲಿ ಮಾತಾಡು. ಮನಸ್ಸಿಗೆ ಒಪ್ಪಿದವನು ಸಿಗಲಿ, ಸಿಗದಿದ್ದರೂ ನೆಮ್ಮದಿ ಇರಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ. ಹೊಟ್ಟೆಕಿಚ್ಚೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ನಿನ್ನ ತಂಗಿ,
ನೇತ್ರಾ

ತಾ.ಕ.: ತಾಳಿಗೆ ಮೊದಲು ಬಚ್ಚಲಿನಿಂದ ನಿನಗೆ ಫೋನ್ ಮಾಡಿದ್ದೆ, ಮರೆತಿಲ್ಲ ತಾನೆ? "ಗಟ್ಟಿಯಾಗಿ ಒಲ್ಲೆ ಅನ್ನು ನೇತ್ರಾ, ಯಾರೂ ಏನೂ ಮಾಡಾಂಗಿಲ್ಲ" ಎಂದು ನೀನು ಫೋನ್ ಇಟ್ಟುಬಿಟ್ಟೆ. ನಾನು ಅಂದೆ ಅಕ್ಕ. ಎಲ್ಲರೆದುರು, ಗಟ್ಟಿಯಾಗಿಯೇ ಅಂದೆ. ಅಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಹೇಳಿದರು: "ಒಂದು ಮನಿಗೆ ಒಂದು ಒಲ್ಲೆ ಸಾಕು. ಅದನ್ನ ನಿಮ್ಮಕ್ಕ ಅಂದು ಹೋಗ್ಯಾಳ."