ಚಿಕ್ಕವ್ವನ ಮಗ

ದೊಡ್ಡವ್ವ,

ನಿನ್ನೆ ಗಂಜಾಂ ಮನೆಯಲ್ಲಿ ನೀನು ತೀರಿಕೊಂಡ ವರ್ಷದ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ‘ನಿತ್ಯ ಕನ್ಯೆ ಮರಿಯಮ್ಮ’ ಎಂಬಲ್ಲಿಗೆ ಬಂದಾಗ ನಿನ್ನ ಮಗ ಇನ್ನಾಸಪ್ಪ ಬಾಯಿ ಮುಚ್ಚಿಕೊಂಡ. ಅವನೀಗ ಕೆ.ಆರ್. ಪೇಟೆಯ ಒಂದು ಪ್ರಾರ್ಥನಾ ಸಭೆಗೆ ಹೋಗುತ್ತಾನೆ. ಯೇಸುವನ್ನು ಹೆತ್ತ ಮೇಲೆ ಮರಿಯಮ್ಮನಿಗೆ ಗಂಡ ಜೋಸೆಫರಿಂದ ಬೇರೆ ಮಕ್ಕಳಾದರು, ಅವಳು ನಿತ್ಯ ಕನ್ಯೆಯಲ್ಲ ಎಂದು ಅಲ್ಲಿ ಹೇಳುತ್ತಾರೆ.

“ಯೇಸುವಿಗೆ ತಮ್ಮಂದಿರಿದ್ರು ಅಂತ ಬೈಬಲ್ಲಲ್ಲೇ ಅದೆ ಕಣ್ಲಾ,” ಎಂದ.

ನನಗೆ ನಮ್ಮ ಚರ್ಚಿನ ನಂಬಿಕೆಯೂ ಇಲ್ಲ, ಅವನ ಸಭೆಯದೂ ಇಲ್ಲ. ಆದರೂ ಗೆಲ್ಲಬೇಕೆನಿಸಿತು. ಚಿಕ್ಕಂದಿನಲ್ಲಿ ಚರ್ಚಿನ ಉಪದೇಶಿಗಳು ಕಲಿಸಿದ್ದ ಉತ್ತರವನ್ನೇ ಕೊಟ್ಟೆ.

“ಅವ್ರು ಚಿಕ್ಕವ್ವನ ಮಕ್ಳು ಕಣಣ್ಣ. ನಮ್ಮಲ್ಲೂ ತಮ್ಮ ಅನ್ನಲ್ವಾ?”

“ಚಿಕ್ಕವ್ವನ ಮಗ ಎಂಗ್ಲಾ ತಮ್ಮ ಆಯ್ತಾನೆ? ಒಂದೇ ಒಟ್ಟೇಲಿ ಉಟ್ಟಿರ್ಬೇಕು!”

ಮನೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನನ್ನನ್ನು ಹೆತ್ತವಳು ನಿನ್ನ ತಂಗಿ, ಮೂರು ತಿಂಗಳ ಕೂಸಿನಿಂದ ಸಾಕಿದವಳು ನೀನು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಒಂದು ಕ್ಷಣ ತಡವಾಗಿ ಹೊಳೆಯಿತು.

“ನಿನ್ನ ಅಂದಿದ್ದಲ್ಲ ಕಣ್ಲಾ. ಕೂತ್ಕೊ, ಉಂಡು ಓಗು.”

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಇವತ್ತು ಬೆಳಿಗ್ಗೆ ನಿನ್ನ ಸಮಾಧಿಯ ಕಲ್ಲು ಕೆತ್ತುವವನು ಪಾಂಡವಪುರದಿಂದ ಫೋನು ಮಾಡಿದ.

“ಮಕ್ಳು ಅಂತ ಯಾರ್ಯಾರ ಎಸ್ರು ಆಕ್ಲಿ ಸಾ?”

ಇನ್ನಾಸಪ್ಪ ಎಂದೆ.

“ಒಂದೇಯಾ?”

ಒಂದೇ ಎಂದೆ. ನಾನು ಫೋನು ಇಟ್ಟೆ.

ಶನಿವಾರ ಕೆತ್ತಲು ಶುರು ಮಾಡುತ್ತಾನಂತೆ; ಹೆಸರು ಸೇರಿಸುವುದಿದ್ದರೆ ಅಷ್ಟರೊಳಗೆ ಹೇಳಬೇಕು. ಇವತ್ತು ಗುರುವಾರ.