ಮಿರ್ಲಾಳ ಅಪ್ಪನ ಅಂಗಡಿ

ಮಿರ್ಲಾ,

ಎಂಟು ವರ್ಷದಿಂದ ಬೀಗ ಬಿದ್ದಿದ್ದ ನಿಮ್ಮಪ್ಪನ ಕ್ಷೌರದಂಗಡಿಯ ಬೋರ್ಡನ್ನು ಇಂದು ಬೆಳಿಗ್ಗೆ ಇಳಿಸಿದರು. ಸುದ್ದಿ ತಂದವಳು ನಮ್ಮ ಪತ್ರಿಕೆಯ ಮಕ್ಕಳ ಪುಟದ ವರದಿಗಾರ್ತಿ, ಒಂಬತ್ತು ವರ್ಷದ ಝೆಲ್ದಾ. ಆ ಪುಟವನ್ನು ಈಗ ನಾನೇ ನೋಡಿಕೊಳ್ಳುತ್ತೇನೆ.

“ಅಂಗಡಿಯವರು ವಿಲ್ನಾ ಊರು ಬಿಟ್ಟು ಯಾಕೆ ಹೋದ್ರು, ಅಕ್ಕಾ?”

“ಗಿರಾಕಿಗಳು ಬರೋದು ನಿಂತ್ಹೋಯ್ತು ಅಂತ ಬರಕೋ.”

“ಯಾಕೆ ನಿಂತ್ಹೋಯ್ತು? ಕಾರಣ ಬಿಟ್ಟು ಬರೆದ್ರೆ ನೀವೇ ಕಿವಿ ಹಿಂಡ್ತೀರಿ!”

ಹತ್ತು ವರ್ಷದವಳಿದ್ದಾಗ ನಾನು ಅದೇ ಪುಟಕ್ಕೆ ಬರೆದಿದ್ದೆ: ‘ನನ್ನ ಗೆಳತಿ ಮಿರ್ಲಾಳ ಅಪ್ಪ ಬಹಳ ಒಳ್ಳೆಯವರು. ಸಬ್ಬತ್ ದಿನವೂ ಹಿಂಬಾಗಿಲಿನಿಂದ ಬಂದವರಿಗೆ ಕ್ಷೌರ ಮಾಡುತ್ತಾರೆ.’ ಮಕ್ಕಳು ಬರೆದದ್ದನ್ನು ತಿದ್ದಬಾರದು, ಸುದ್ದಿಯಲ್ಲಿರುವವರ ಹೆಸರು ಮತ್ತು ಮನೆ ನಂಬರು ಇರಲೇಬೇಕು ಎಂಬುದು ಪುಟದ ನಿಯಮ. ಹೆಸರು, ನಂಬರಿನ ಸಮೇತ ಹಾಗೆಯೇ ಅಚ್ಚಾಯಿತು. ಸಬ್ಬತ್ತಿನ ದಿನ ನಾವು ಯೆಹೂದಿಗಳು ಕೆಲಸ ಮುಟ್ಟಬಾರದೆಂದು ನನಗೂ ಗೊತ್ತಿತ್ತು. ಆದರೂ ಅಪ್ಪನ ಹೆಸರನ್ನು ಪತ್ರಿಕೆಯಲ್ಲಿ ಕಂಡು ನೀನು ಕುಣಿದಾಡುತ್ತೀಯ ಎಂದುಕೊಂಡಿದ್ದೆ. ನೀನು ಪತ್ರಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟೆ, ಅಷ್ಟೇ. ಮರುವಾರದಿಂದ ಮುಂಬಾಗಿಲಿಗೂ ಯಾರೂ ಬರಲಿಲ್ಲ. ಪಸ್ಕ ಹಬ್ಬಕ್ಕೆ ಮೊದಲೇ ನೀವು ಹೊರಟುಹೋದಿರಿ. ವಿಳಾಸ ಯಾರಲ್ಲೂ ಇಲ್ಲ.

ಝೆಲ್ದಾ ಕಾರಣಕ್ಕೆಂದು ಎರಡು ಸಾಲು ಖಾಲಿ ಬಿಟ್ಟು, ವರದಿಯನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಗುರುವಾರ ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗುತ್ತದೆ.